ಅವುಗಳ ಊರಿನ ನೀರು

ಸೆಪ್ಟೆಂಬರ್ 29, ಸೋಮವಾರ. ಬೆಳಿಗ್ಗೆ 7.10

ಉಪ್ಪು 35. ಟೆಂಪರೇಚರ್ 26. ಎ ತೊಟ್ಟಿಯಲ್ಲಿ ಹನ್ನೊಂದು ಚಿಪ್ಪು, ಬಿ ತೊಟ್ಟಿಯಲ್ಲಿ ಹನ್ನೊಂದು. ಎಲ್ಲವೂ ಮುಚ್ಚಿದವು. ಕೈ ನೆರಳು ಬಿದ್ದ ಕೂಡಲೇ ಚಿಪ್ಪು ಮುಚ್ಚಿಕೊಳ್ಳಬೇಕು — ಅದೇ ನಮ್ಮ ನಾಡಿಪರೀಕ್ಷೆ. ತಡ ಮಾಡಿದರೆ ರೋಗ. ಬಾಯಿ ಬಿಟ್ಟುಕೊಂಡೇ ಇದ್ದರೆ ಕಥೆ ಮುಗಿಯಿತು. ಮೂರು ವರ್ಷದಲ್ಲಿ ಒಂದೂ ತಡ ಮಾಡಿಲ್ಲ. ಆದರೂ ದಿನಾ ಕೈ ಅಡ್ಡ ಹಿಡಿದು ಸೆಕೆಂಡ್ ಎಣಿಸುತ್ತೇನೆ.

ಕಗ್ಗದಾಸಪುರದಲ್ಲಿ ಸಮುದ್ರ ಸಾಕುತ್ತೇವೆ ಅಂದರೆ ಯಾರು ನಂಬುತ್ತಾರೆ? ಟ್ಯಾಂಕರ್ ನೀರು ತರಿಸಿ, ಫಿಲ್ಟರ್ ಮಾಡಿ, ಮೂಟೆ ಉಪ್ಪು ಕಲಸಿ... ಮೇಲೆ ನಮ್ಮ ಮನೆ, ಕೆಳಗೆ ಗೋಡೌನ್ ಇದ್ದ ಜಾಗದಲ್ಲಿ ಲ್ಯಾಬ್. ಕಟ್ಟಡ ಅತ್ತೆಯದು. ಬಾಡಿಗೆಗೆ ಬಂದ ಮಧುಕರ್ ಸರ್ ಮನೆ ಸೊಸೆಯನ್ನೇ ಕೆಲಸಕ್ಕೆ ಇಟ್ಟುಕೊಂಡರು. ನನ್ನ ಬಿ.ಎಸ್ಸಿ. ಝುವಾಲಜಿ ಕೊನೆಗೂ ಅನ್ನಕ್ಕೆ ಬಂತು.

ರೋಗ ನೀರಿನಲ್ಲಿ ಬರುತ್ತದೆ, ಒಂದು ಲೋಟ ಸಾಕು — ಸರ್ ದಿನಕ್ಕೆರಡು ಸಲ ಹೇಳುವ ಮಂತ್ರ. ಅದಕ್ಕೇ ಕಡಲಿನಿಂದ ಇಷ್ಟು ದೂರ ತಂದಿಟ್ಟಿರುವುದು. ಇವು ಹುಟ್ಟಿದ ಪೂರ್ವದ ಕಡಲಲ್ಲಿ ರೋಗ ಬಡಿದು ಈಗ ಬರೀ ಖಾಲಿ ಚಿಪ್ಪು. ಆ ಕಡಲಿನವು ಅಂತ ಉಳಿದಿರುವುದು ಈ ಇಪ್ಪತ್ತೆರಡು, ಮತ್ತೆ ಬಿ ತೊಟ್ಟಿಯ ಜಾಲರಿ ಟ್ರೇಗಳಲ್ಲಿ ನಾನೂರು ಮರಿ. ಕಡಲೆಕಾಳಿನಷ್ಟಿವೆ. ಮುಂದಿನ ತಿಂಗಳು ಮರಿಗಳನ್ನು ಪಶ್ಚಿಮದ ಒಂದು ದ್ವೀಪಕ್ಕೆ ಕಳಿಸುತ್ತೇವೆ. ಅಲ್ಲಿಗಿನ್ನೂ ರೋಗ ಮುಟ್ಟಿಲ್ಲ.

ಈ ದೊಡ್ಡ ಕಡಲಚಿಪ್ಪುಗಳನ್ನು ಸರ್ ಪೆನ್ ಶೆಲ್ ಅನ್ನುತ್ತಾರೆ. ಅತ್ತೆ ‘ಮೊರ’ ಅನ್ನುತ್ತಾರೆ. ಮರಳಲ್ಲಿ ತುದಿ ಹೂತುಕೊಂಡು ನೆಟ್ಟಗೆ ನಿಂತ ಮೊರ. ಅತ್ತೆಯ ಹೆಸರೇ ಸರಿ. ನಾಳೆ ರಾಮೇಶ್ವರದಿಂದ ವಾಪಸ್ ಬರುತ್ತಾರೆ. ಒಂದು ಬಸ್ಸಿನಲ್ಲಿ ನಲವತ್ತು ಹೆಂಗಸರು. ಡ್ರೈವರ್ ಪಾಡು ದೇವರಿಗೇ ಪ್ರೀತಿ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಪಂಪಿಗೆ ವಿಭೂತಿ, ಚಿಲ್ಲರ್‌ಗೆ ಚೆಂಡುಹೂ, ಮೈಕ್ರೋಸ್ಕೋಪಿಗೆ ಕುಂಕುಮ. ಸರ್ ಚಪ್ಪಲಿ ಬಿಟ್ಟು ಮೂಲೆಯಲ್ಲಿ ನಿಂತಿದ್ದರು. “ನೀರಿಗೆ ಮಾತ್ರ ಏನೂ ಹಾಕ್ಬೇಡಿಮ್ಮ,” ಅಂತ ಮೂರು ಸಲ ಹೇಳಿದರು.

“ನಂಗೊತ್ತಿಲ್ವಾ ಸಾರ್? ಅರಿಶಿನ ಕುಂಕುಮ ಬಿದ್ರೆ ಅವಕ್ಕೂ ಉರಿ ಆಗಲ್ವಾ,” ಅಂದರು ಅತ್ತೆ.

ಕರ್ಪೂರ ಇತ್ತು, ಬೆಂಕಿಪೊಟ್ಟಣ ಇರಲಿಲ್ಲ. ಸರ್ ಕುಂಬಳಕಾಯಿ ಒಡೆಯಲು ಬೀದಿಗೆ ಹೋದರು, ನಾನು ಮೇಲೆ ಓಡಿದೆ. ಖುಷಿಯಾಗಿತ್ತು ಇವತ್ತು.

ಅಕ್ಟೋಬರ್ 10, ಶುಕ್ರವಾರ. 7.00

ಬಿ-6 ತಡ ಮಾಡಿತು.

ಇನ್ನೊಂದು ಸಲ ಕೈ ಹಿಡಿದೆ. ಮುಚ್ಚಿತು. ಮತ್ತೆ ಹಿಡಿದೆ, ಎರಡು ಸೆಕೆಂಡ್. ನೆರಳು ಸರಿಯಾಗಿ ಬೀಳಲಿಲ್ಲವೋ ಏನೋ. ಬುಕ್ಕಿನಲ್ಲಿ ‘ನಾರ್ಮಲ್’ ಅಂತ ಬರೆದೆ. ಯಾಕೆ ಬರೆದೆನೋ.

ಅಕ್ಟೋಬರ್ 13, ಸೋಮವಾರ. ಸಂಜೆ

ಬರೆಯಲೇಬೇಕು. ಇಲ್ಲದಿದ್ದರೆ ತಲೆ ಒಡೆದುಹೋಗುತ್ತದೆ.

ಬೆಳಿಗ್ಗೆ ಬಿ-6 ಏಳು ಸೆಕೆಂಡ್ ತೆಗೆದುಕೊಂಡಿತು. ಮಧ್ಯಾಹ್ನ ಮೇಲೆ ಬಂದೆ. ಅತ್ತೆ ದಂಟಿನ ಸೊಪ್ಪು ಸೋಸುತ್ತಾ ಕೂತಿದ್ದರು. “ಒಂದಕ್ಕೆ ಹುಷಾರಿಲ್ಲ ಅತ್ತೆ,” ಅಂದೆ, ಮಾತಿಗೆ.

“ಹುಷಾರಾಗುತ್ತೆ ಬಿಡು. ಅವುಗಳ ಊರಿನ ನೀರೇ ಬಿಟ್ಟಿದ್ದೀನಲ್ಲ.”

“ಏನ್ ನೀರು?”

“ರಾಮೇಶ್ವರದ್ದು ಕಣೆ. ಸಮುದ್ರಸ್ನಾನ ಮಾಡಿದ್ವಲ್ಲ, ಅಲ್ಲೇ ತುಂಬಿಸ್ಕೊಂಡೆ, ಒಂದು ಬಾಟ್ಲಿ. ಪೂಜೆ ದಿನ ನೀನು ಬೆಂಕಿಪೊಟ್ಟಣ ತರಕ್ ಬಂದ್ಯಲ್ಲ, ಆವಾಗ ಬಿಟ್ಟೆ. ಮಕ್ಕಳಿರೋ ತೊಟ್ಟೀಗೆ.”

“ಸರ್ ಏನೂ ಹಾಕ್ಬೇಡಿ ಅಂದಿದ್ರಲ್ಲ ಅತ್ತೆ...”

“ತೀರ್ಥಾನೂ ಬೇಡ ಅಂದ್ರಾ? ಬಾಣಂತಿಗೆ ತವರಿನ ನೀರು ಕುಡಿಸಿದ್ರೆ ಯಾರಾದ್ರೂ ಬೇಡ ಅಂತಾರಾ? ನೀನೇ ಹೇಳಿದ್ದಲ್ವಾ ತಾಯಿ, ಅವು ಆ ಕಡೆ ಸಮುದ್ರದ್ದು ಅಂತ.”

ಹೌದು, ನಾನೇ ಹೇಳಿದ್ದು. ರೋಗದ ವಿಷಯ ಮಾತ್ರ ಹೇಳಿರಲಿಲ್ಲ. ವಯಸ್ಸಾದವರಿಗೆ ಸುಮ್ಮನೆ ಯಾಕೆ ಸಂಕಟ ಅಂತ.

“ಎಷ್ಟು ಸುರಿದ್ರಿ?”

“ಪೂರ್ತಿ. ಇಟ್ಕೊಂಡೇನ್ ಮಾಡ್ಲಿ?”

ಸೊಪ್ಪಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದೆ. ನಲ್ಲಿ ತಿರುಗಿಸಿ, ತೊಳೆದ ಸೊಪ್ಪನ್ನೇ ಮತ್ತೆ ಮತ್ತೆ ತೊಳೆದೆ.

ಅಕ್ಟೋಬರ್ 14, ಮಂಗಳವಾರ

ಹೇಳಲಿಲ್ಲ.

ಸರ್ ಬಂದವರೇ ಶುಕ್ರವಾರ ಫ್ಲೈಟ್ ಕನ್ಫರ್ಮ್ ಅಂದರು. ಮುಖದಲ್ಲಿ ಮದುವೆ ಕಳೆ. ಬಿ-6 ಮುಂದೆ ನಿಂತು, “ಇದ್ಯಾಕ್ರೀ ಡಲ್ ಆಗಿದೆ?” ಅಂದರು.

“ಮೇವು ಕಮ್ಮಿ ಆಗಿತ್ತು ಸಾರ್. ಸರಿ ಹೋಗ್ತಾ ಇದೆ.”

ಹೆದರಿಕೆ ಅಂದರೆ ಏನಂತ ಇವತ್ತು ಗೊತ್ತಾಯಿತು. ಸುಳ್ಳು ತಾನಾಗೇ ಬಾಯಿಗೆ ಬರುತ್ತದೆ. ಅದೂ ನೀಟಾಗಿ, ಇಸ್ತ್ರಿ ಮಾಡಿಸಿದ ಹಾಗೆ.

ನನ್ನ ಕೆಲಸದ ಚಿಂತೆಯಲ್ಲ ಇದು. ಅಥವಾ ಅದೂ ಸ್ವಲ್ಪ ಇದೆ. ಆದರೆ ಅತ್ತೆ... ಮಾವ ಹೋದ ದಿನ ಅವರಿಗೆ ಎಳನೀರು ಕುಡಿಸಿದ್ದು ಅತ್ತೆ. ಹಾರ್ಟು ಮೊದಲೇ ಹೋಗಿತ್ತು, ಎಳನೀರಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರೇ ಹೇಳಿದರು. ಆದರೂ ಎಂಟು ವರ್ಷದಿಂದ ಅತ್ತೆ ಎಳನೀರು ಮುಟ್ಟಿಲ್ಲ. “ನನ್ ಕೈಯಾರೆ ಕೊಟ್ಟೆ,” ಅನ್ನುತ್ತಾರೆ ಈಗಲೂ. ಅಂಥವರಿಗೆ ಇದನ್ನು ಹೇಗೆ ಹೇಳುವುದು? ದಿನಾ ಬೆಳಿಗ್ಗೆ ಕೆಳಗೆ ಬಂದು ತಿಂಡಿ ಆಯ್ತಾ ಅಂತ ಚಿಪ್ಪುಗಳನ್ನು ಕೇಳುವ ಹೆಂಗಸು.

ಬರೀ ನೀರಿರಬಹುದು. ಆ ಬಾಟಲಿಯಲ್ಲಿ ರೋಗ ಇತ್ತು ಅಂತ ಯಾರು ಕಂಡರು? ಬಿ-6ಗೆ ಬೇರೇನೋ ಇರಬಹುದು...

ಅಕ್ಟೋಬರ್ 15, ಬುಧವಾರ

ಬಿ-9 ಕೂಡ. ಐದು ಸೆಕೆಂಡ್.

ಮರಿ ಪ್ಯಾಕ್ ಮಾಡಲು ಕವರ್, ಥರ್ಮಾಕೋಲ್ ಪೆಟ್ಟಿಗೆ ತರಲು ಶಿವಾಜಿನಗರಕ್ಕೆ ಹೋಗಿದ್ದೆ. ಮೀನಿನ ಸಾಲಿನಲ್ಲಿ ಐಸ್ ಮೇಲೆ ಚಿಪ್ಪುಗಳ ಗುಡ್ಡೆ. ಎಲ್ಲವೂ ಬಾಯಿ ಬಿಟ್ಟುಕೊಂಡಿದ್ದವು. ಆಟೋದಲ್ಲಿ ಹಲಸೂರು ದಾಟುವವರೆಗೂ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಲೇ ಇದ್ದೆ. ಏನನ್ನೂ ಮುಟ್ಟಿರಲಿಲ್ಲ.

ಅಕ್ಟೋಬರ್ 17, ಶುಕ್ರವಾರ

ಬೆಳಿಗ್ಗೆ ಐದಕ್ಕೇ ಪ್ಯಾಕಿಂಗ್. ಎಣಿಸಿ ಎಣಿಸಿ ಕವರಿಗೆ ಹಾಕಿದೆ. ಎಂಟೂಕಾಲಿಗೆ ಪೆಟ್ಟಿಗೆಗಳ ಸಮೇತ ಸರ್ ಏರ್‌ಪೋರ್ಟಿಗೆ ಹೊರಟರು. ಅತ್ತೆ ವ್ಯಾನಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. “ಹೋಗ್ಬನ್ನಿ ಮಕ್ಕಳಾ,” ಅಂದರು.

ಒಳಗೆ ಬಂದು ಖಾಲಿ ಟ್ರೇ ತೊಳೆಯಲು ಕೂತೆ. ಆಗ ಕಣ್ಣಿಗೆ ಕಟ್ಟಿತು — ಆ ದ್ವೀಪ. ಅಲ್ಲಿ ಇವುಗಳ ಜಾತಿಯವು ಸಾವಿರಾರು ಇವೆಯಂತೆ, ಆರೋಗ್ಯವಾಗಿ. ನಾನು ಕವರಿಗೆ ತುಂಬಿದ ನೀರು ಅವುಗಳ ಮಧ್ಯೆ ಬೀಳುತ್ತದೆ. ಆಮೇಲೆ ಎಲ್ಲೂ ಏನೂ ಉಳಿಯುವುದಿಲ್ಲ.

ಫೋನ್ ಮಾಡಿದೆ. ಒಂಬತ್ತು ಹತ್ತು ಆಗಿತ್ತು. ಮೂರು ಸಲ ರಿಂಗಾಯಿತು. ಆ ಮೂರು ರಿಂಗಿಗೆ ನನ್ನ ಜೀವ ಅರ್ಧವಾಯಿತು.

“ಸಾರ್, ಎಲ್ಲಿದ್ದೀರ?”

“ಇನ್ನೆಲ್ಲಿ, ಟಿನ್ ಫ್ಯಾಕ್ಟರಿ. ಅರ್ಧ ಗಂಟೆಯಿಂದ ಇಲ್ಲೇ ಬಿದ್ದಿದ್ದೀವಿ.”

ಕೆ.ಆರ್. ಪುರದ ಟ್ರಾಫಿಕ್ಕಿಗೆ ಹುಟ್ಟಿದಾಗಿನಿಂದ ಶಾಪ ಹಾಕಿದ್ದೇನೆ. ಇವತ್ತು ಕೈ ಮುಗಿದೆ.

“ವಾಪಸ್ ಬನ್ನಿ ಸಾರ್. ಬಿ ತೊಟ್ಟಿಗೆ ಸಮುದ್ರದ ನೀರು ಬಿದ್ದಿದೆ. ರಾಮೇಶ್ವರದ್ದು.”

ಬರೀ ಹಾರ್ನ್ ಸದ್ದು. ಆಮೇಲೆ, “ಯಾರ್ ಹಾಕಿದ್ದು?”

“ನಾನೇ ಸಾರ್. ಅತ್ತೆ ತೀರ್ಥ ತಂದಿದ್ರು. ಒಳ್ಳೇದಾಗ್ಲಿ ಅಂತ ನಾನೇ...”

“ಹಂಸಾ, ನೀವು ಓದಿದೋರು ಕಣ್ರೀ.”

ಅಷ್ಟೇ ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಕ್ಟೋಬರ್ 18, ಶನಿವಾರ

ವಾಪಸ್ ಬಂದ ಮರಿಗಳ ಪೆಟ್ಟಿಗೆಗಳಿಗೆ ಗಾಳಿ ಪಂಪು ಹಾಕಿ, ಅತ್ತೆಗೆ ಕಾಣದ ಹಾಗೆ ಹಿಂದಿನ ಮೂಲೆಯಲ್ಲಿಟ್ಟೆ. ಟೆಸ್ಟ್ ಮಾಡುವ ಆತಿಕಾ ಬಂದಿದ್ದಳು. ಎರಡೂ ತೊಟ್ಟಿಯಿಂದ, ಮರಿಗಳಿಂದ ಸ್ಯಾಂಪಲ್ ತೆಗೆದುಕೊಂಡಳು. ಶಿವಾಜಿನಗರದ ಹುಡುಗಿ, ಬಾಯಿ ಬಿಟ್ಟರೆ ನಿಲ್ಲಿಸುವವಳಲ್ಲ. ಇವತ್ತು ಟ್ಯೂಬುಗಳ ಮೇಲೆ ನಂಬರ್ ಬರೆದಳು, ಅಷ್ಟೇ. ಹೋಗುವಾಗ ಗೇಟಿನ ಹತ್ತಿರ ನಿಂತಳು.

“ಅಕ್ಕಾ, ನೀವು ಹಾಕೋರಲ್ಲ. ಮೇರೆಕು ಮಾಲೂಮ್, ನಂಗೊತ್ತು.”

ಗೇಟಿನ ಚಿಲಕ ತೆಗೆದೆ.

“ಸರ್‌ಗೆ ನಾನೇನೂ ಹೇಳಲ್ಲ. ಆದ್ರೆ ಅಜ್ಜಿ ಹತ್ರ ಲ್ಯಾಬಿಂದು ಇನ್ನೊಂದು ಕೀ ಇದೆಯಲ್ಲ, ಅದನ್ನ ಇಸ್ಕೊಳ್ಳಿ.”

ಇಸಿದುಕೊಳ್ಳಬೇಕು. ಆದರೆ ಯಾಕೆ ಅಂತ ಕೇಳುತ್ತಾರೆ. ಅವರದೇ ಕಟ್ಟಡದ ಕೀ ಅವರಿಂದ ಕಿತ್ತುಕೊಳ್ಳಲು ಏನು ಕಾರಣ ಹೇಳಲಿ? ಬಾಟಲಿ ಹೇಗೂ ಖಾಲಿಯಾಯಿತು. ಆಗುವ ಅನಾಹುತ ಆಗಿಯೇ ಹೋಗಿದೆ.

ಅಕ್ಟೋಬರ್ 22, ಬುಧವಾರ

ಬಿ-6 ಹೋಯಿತು. ಬೀದಿಯಲ್ಲಿ ಪಟಾಕಿ. ಅತ್ತೆ ಹಬ್ಬಕ್ಕೆ ಹೊರಮಾವಿನ ಮಗಳ ಮನೆಗೆ ಹೋಗಿದ್ದಾರೆ, ಸದ್ಯ.

ಅಕ್ಟೋಬರ್ 25, ಶನಿವಾರ. 11.30

ರಿಸಲ್ಟ್.

ಬಿ ತೊಟ್ಟಿ, ಎಲ್ಲಕ್ಕೂ ಇದೆ. ಮರಿಗಳಲ್ಲಿ ಇಪ್ಪತ್ತು ನೋಡಿದ್ದರಲ್ಲಿ ಏಳಕ್ಕೆ.

ಎ ತೊಟ್ಟಿ ಕ್ಲೀನ್. ಹನ್ನೊಂದೂ. ಎರಡು ತೊಟ್ಟಿಗೂ ಬೇರೆ ಪೈಪು, ಬೇರೆ ಬಕೆಟ್ಟು ಅಂತ ಸರ್ ಮೊದಲ ದಿನ ಹಟ ಹಿಡಿದಾಗ ಮನಸ್ಸಿನಲ್ಲೇ ನಕ್ಕಿದ್ದೆ.

ಅಕ್ಟೋಬರ್ 26, ಭಾನುವಾರ

ಬಿ ತೊಟ್ಟಿಗೆ ಬ್ಲೀಚ್ ಹಾಕಿದೆವು. ಮರಿಗಳ ಪೆಟ್ಟಿಗೆಗಳನ್ನೂ ಅದರಲ್ಲೇ ಸುರಿದೆವು. ಸರ್ ತಾವೇ ಮಾಡುವುದಾಗಿ ಹೇಳಿದರು, ನಾನು ಬಿಡಲಿಲ್ಲ. ಬಕೆಟ್ ಹಿಡಿದು ಬಗ್ಗಿದಾಗ ನನ್ನ ನೆರಳು ಬಿತ್ತು. ಹತ್ತರಲ್ಲಿ ಏಳು ಇನ್ನೂ ಮುಚ್ಚಿಕೊಂಡವು. ಚೆನ್ನಾಗೇ ಮುಚ್ಚಿಕೊಂಡವು.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಅಕ್ಟೋಬರ್ 28, ಮಂಗಳವಾರ

ಅತ್ತೆ ಬಂದರು. ಬ್ಯಾಗು ಇಡುವ ಮೊದಲೇ ಕೆಳಗೆ ಇಣುಕಿದರು. “ಇದೇನೇ, ಈ ತೊಟ್ಟಿ ಖಾಲಿ?”

ಎರಡು ದಿನದಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ. “ಹೋದ್ವು ಅತ್ತೆ. ದೊಡ್ಡವನ್ನೂ ಮಕ್ಕಳ ಹಿಂದೇನೇ ಕಳಿಸಿದ್ವಿ. ಸಮುದ್ರಕ್ಕೆ.”

“ಎಲ್ಲಾ ಸೇರ್ಕೊಂಡ್ವಾ?”

“ಎಲ್ಲಾ.”

ಅಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. “ನೋಡಿದ್ಯಾ? ನೀರಿನ ಗುಣ ಕಣೆ ಅದು. ನಿಮ್ ಸರ್ ಏನೇ ಹೇಳ್ಲಿ.”

ಹೂಂ ಅಂದೆ. ಇಷ್ಟು ದಿನದಲ್ಲಿ ಮೊದಲ ಸಲ ಅತ್ತೆಯ ಮೇಲೆ ಕೋಪ ಬಂತು. ಮರುಕ್ಷಣ ಅವರ ಕಾಲು ಒತ್ತಬೇಕು ಅನ್ನಿಸಿತು. ಸುಳ್ಳಿನಿಂದ ಒಬ್ಬರ ನಿದ್ದೆಯಾದರೂ ಉಳಿಯಿತಲ್ಲ.

ನವೆಂಬರ್ 6, ಗುರುವಾರ

ಎರಡನೇ ಟೆಸ್ಟಿನಲ್ಲೂ ಎ ತೊಟ್ಟಿ ಕ್ಲೀನ್. ಸರ್ ಇವತ್ತು ನನ್ನ ಮುಖ ನೋಡಿ ಮಾತಾಡಿದರು. “ಹನ್ನೊಂದು ಸಾಕು ಹಂಸಾ. ಮುಂದಿನ ವರ್ಷ ಮತ್ತೆ ಮರಿ ಮಾಡ್ಸೋಣ. ಇವು ಹೋದ್ರೆ ಮಾತ್ರ ಆ ಕಡಲಿಂದು ಅಂತ ಇನ್ನೆಲ್ಲೂ ಇಲ್ಲ ಕಣ್ರೀ.”

ಗೊತ್ತು. ಊಟ ಮಾಡುವಾಗಲೂ ಹನ್ನೊಂದು ಎಣಿಸುತ್ತೇನೆ.

ನವೆಂಬರ್ 10, ಸೋಮವಾರ. ಬೆಳಿಗ್ಗೆ 7.40

ಉಪ್ಪು 35. ಟೆಂಪರೇಚರ್ 26. ಹನ್ನೊಂದೂ ಮುಚ್ಚಿದವು. ಸರ್ ಬರುವುದು ಹತ್ತಕ್ಕೆ. ಮೇಲೆ ಬಂದು ಕಾಫಿ ಕುಡಿಯುತ್ತಾ ಬರೆಯುತ್ತಿದ್ದೇನೆ. ಎಷ್ಟೋ ದಿನದ ಮೇಲೆ ಕಾಫಿಗೆ ರುಚಿ ಬಂದಿದೆ.

ಕಾರ್ತಿಕ ಸೋಮವಾರ. ಅತ್ತೆ ತಲೆಗೆ ನೀರು ಹಾಕಿಕೊಂಡು, ರೇಷ್ಮೆ ಸೀರೆ ಉಟ್ಟು, ಈಗ ತಾನೇ ಇಳಿದು ಹೋದರು. “ಮಕ್ಕಳು ಕಡಲು ಸೇರ್ಕೊಂಡ್ವಲ್ಲ, ಹರಕೆ ಬಾಕಿ ಇಟ್ಕೋಬಾರ್ದು, ತೀರಿಸ್ಬಿಟ್ ಬರ್ತೀನಿ,” ಅಂದರು. ಹರಕೆ ಹೊತ್ತಿದ್ದೇ ನನಗೆ ಗೊತ್ತಿರಲಿಲ್ಲ. ಹಲಸೂರು ಸೋಮೇಶ್ವರನಿಗೆ ಇರಬೇಕು. ಒಬ್ಬರೇ ಹೋದರು, ಆಟೋ ಮಾಡಿಕೊಡಲಾ ಅಂತಲೂ ಕೇಳಲಿಲ್ಲ ನಾನು.

ಪಕ್ಕದ ಮನೆ ಪಿಳ್ಳಮ್ಮ ಆರೂವರೆಗೇ ಬಂದು ಒಂದು ಚೀಲ ಕೊಟ್ಟು ಹೋಗಿದ್ದರು. “ನಿಮ್ಮತ್ತೆ ಹರಕೆಗೆ ತರಕ್ ಹೇಳಿದ್ರು,” ಅಂದರು. ಮೇವಿನ ಹೊತ್ತು, ಬಿಚ್ಚಿ ನೋಡದೆ ದೇವರ ಮನೆಯಲ್ಲಿಟ್ಟೆ. ಭಾರವಿತ್ತು. ಬೆಲ್ಲ ಅಂದುಕೊಂಡೆ.

ಇಡುವಾಗ ಗುಳುಗುಳು ಅಂದಿತ್ತು. ಬೆಲ್ಲ ಗುಳುಗುಳು ಅನ್ನುತ್ತದಾ?

ಪಿಳ್ಳಮ್ಮ ಹೋದ ವಾರ ನಾಲ್ಕು ದಿನ ಊರಲ್ಲಿರಲಿಲ್ಲ. ಬಸ್ಸಿನಲ್ಲಿ ಹೋಗಿದ್ದರು. ಅದೇ ರಾಮೇಶ್ವರದ ಬಸ್ಸು.

ದೇವರ ಮನೆಯಲ್ಲಿ ಚೀಲ ಇಲ್ಲ. ಎದ್ದು ನೋಡಿ ಬಂದೆ. ಅತ್ತೆಯ ಚಪ್ಪಲಿ ಬಾಗಿಲಲ್ಲೇ ಇದೆ, ಹಲಸೂರಿಗೆ ಬರಿಗಾಲಲ್ಲಿ ಯಾರು ಹೋಗು

ಕೆಳಗೆ ಷಟರ್ ಎತ್ತಿದ ಸದ್ದು. ಅತ್ತೆ