ಫೋಟೋಗೆ ಅಡ್ಡವಾಗಿದ್ದ ಆರು ಕಂಬಗಳು

ಶುಕ್ರವಾರ, ೧೪ನೇ ತಾರೀಕು
ಮಧ್ಯಾಹ್ನ

ಮಗಳಿಗೆ ಅಮ್ಮನ ಆಶೀರ್ವಾದ. ಕರ್ತನು ನಿಮ್ಮಿಬ್ಬರನ್ನೂ ಕಾಯಲಿ.

ನಾಲ್ಕು ತಿಂಗಳಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯ. ನಾನೂ ಕರೆಯಲು ಬರಲಿಲ್ಲ. ಹೆತ್ತವಳೇ ಮೊದಲು ಬಗ್ಗಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಈಗ ಬರೆಯುತ್ತಿರುವುದೂ ನಿನ್ನನ್ನು ಒಲಿಸಿಕೊಳ್ಳಲು ಅಲ್ಲ. ಬರುವ ಬುಧವಾರ ನಿನ್ನ ಗಂಡ ಸಭೆಯ ಹಿರಿಯರ ಮುಂದೆ ಒಂದು ಕಾಗದಕ್ಕೆ ಸಹಿ ಹಾಕುತ್ತಾನೆಂದು ತಿಳಿಯಿತು. ಜಗುಲಿಯ ತಾರಸಿ ಬಿದ್ದದ್ದು, ಆ ಮುದುಕಿ ಸತ್ತದ್ದು, ಎರಡೂ ತನ್ನ ತಪ್ಪಿನಿಂದ ಎಂದು ಅದರಲ್ಲಿ ಬರೆದಿದೆಯಂತೆ. ಆ ಕಾಗದ ಸಮುದ್ರ ದಾಟಿ ಅಲ್ಲಿನ ಅಧಿಕಾರಿಗಳಿಗೆ ಹೋಗುತ್ತದೆ. ಆಮೇಲೆ ಅವನ ಕೈಯಿಂದ ಒಂದು ಕಾಂಪೌಂಡ್ ಗೋಡೆಯನ್ನೂ ಯಾರೂ ಕಟ್ಟಿಸುವುದಿಲ್ಲ.

ಅವನು ಸಹಿ ಹಾಕಬಾರದು. ಯಾಕೆಂದು ಹೇಳುತ್ತೇನೆ. ಚಿಕ್ಕಂದಿನಲ್ಲಿ ಪಾಠದ ನಡುವೆ ಎದ್ದು ಹೋಗುತ್ತಿದ್ದೆಯಲ್ಲ, ಹಾಗೆ ಈ ಪತ್ರವನ್ನು ಅರ್ಧಕ್ಕೆ ಬಿಟ್ಟು ಏಳಬೇಡ.

ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲವೆಂದು ನೀನು ನಮ್ಮ ಜೊತೆ ಬರಲಿಲ್ಲ. ಹಾಗಾಗಿ ಮೊದಲಿನಿಂದಲೇ ಹೇಳಬೇಕು. ಸಮುದ್ರದಾಚೆ ಒಂದು ಬಡ ಕುಟುಂಬಕ್ಕೆ ಮನೆ ಕಟ್ಟಿಕೊಡಲು ಸಭೆಯಿಂದ ನಾವು ಹದಿಮೂರು ಜನ ಹೋಗಿದ್ದೆವು. ಹನ್ನೆರಡು ದಿನಗಳಲ್ಲಿ ಒಂದು ಮನೆ ಎಂದು ಪಾಸ್ಟರು ಮೊದಲೇ ಬರೆದು ಒಪ್ಪಿಕೊಂಡುಬಿಟ್ಟಿದ್ದರು. ಮನೆ ಕಟ್ಟಲು ಬರುವವನು ನಿನ್ನ ಗಂಡ ಒಬ್ಬನೇ. ಉಳಿದವರು ಬ್ಯಾಂಕು, ಅಂಗಡಿ, ಕಾಲೇಜಿನವರು. ಇಟ್ಟಿಗೆ ಹಿಡಿದು ಗೊತ್ತಿಲ್ಲದವರು, ಎರಡನೇ ದಿನಕ್ಕೇ ಅಂಗೈ ತುಂಬ ಬೊಬ್ಬೆ. ಸ್ತ್ರೀ ಸಂಘದ ಅಧ್ಯಕ್ಷೆ ಎಂದು ಗುಂಪಿನ ಮುಂದಾಳು ನಾನಾಗಿದ್ದೆ. ಮಂಡಿ ನೋವಿದೆ, ಹೋಗಬೇಡ ಅಂದಿದ್ದೆ ನೀನು. ಮಂಡಿಗೂ ಮುಂದಾಳುತನಕ್ಕೂ ಏನು ಸಂಬಂಧ ಎಂದು ನಿನ್ನ ಬಾಯಿ ಮುಚ್ಚಿಸಿದ್ದೆ.

ಆ ಕುಟುಂಬದಲ್ಲಿ ಐದು ಜನ. ಮಗ, ಸೊಸೆ, ಇಬ್ಬರು ಹೆಣ್ಣುಮಕ್ಕಳು, ಮತ್ತೆ ಮುದುಕಿ. ಮುದುಕಿಗೆ ನನ್ನಷ್ಟೇ ವಯಸ್ಸು. ನನ್ನಷ್ಟೇ ನಾಲಿಗೆ ಕೂಡ. ಅವಳ ಮಾತು ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ನಮ್ಮ ಕಡೆ ಓದಿ ಹೋಗಿದ್ದ, ಅಲ್ಲಿನ ಸಭೆಯ ಟೀಚರಮ್ಮ ಒಬ್ಬಳು ನಡುವೆ ನಿಂತು ಎರಡೂ ಕಡೆಗೆ ಹೇಳುತ್ತಿದ್ದಳು. ನಮ್ಮ ಹುಡುಗರು ಕಟ್ಟಿದ ಮೊದಲ ಸಾಲು ನೋಡಿ ಮುದುಕಿ ಏನೋ ಅಂದಳು. ಟೀಚರಮ್ಮ ಹೇಳಲು ನಾಚಿಕೊಂಡಳು. ಒತ್ತಾಯ ಮಾಡಿದ ಮೇಲೆ, 'ಇವರು ಗೋಡೆ ಕಟ್ತಿದ್ದಾರೋ, ಕುಡುಕ ನಡೆದ ದಾರಿಗೆ ಗುರುತು ಹಾಕ್ತಿದ್ದಾರೋ' ಎಂದು ಕೇಳುತ್ತಿದ್ದಾಳೆ ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನಿನ್ನ ಗಂಡ. ಆ ಸಾಲನ್ನು ಕೆಡವಿ ಮತ್ತೆ ಅವನೇ ಕಟ್ಟಿದ.

ಆ ಮನೆಗೆ ಜಗುಲಿ ಇರಲಿಲ್ಲ ಮಗಳೇ. ನಕ್ಷೆಯಲ್ಲಿ ಇದ್ದದ್ದು ಎರಡು ಕೋಣೆ, ಮೇಲೆ ತಗಡು, ಅಷ್ಟೇ. ಮಿಕ್ಕ ಸಾಮಾನಿನಲ್ಲಿ ಏನು ಮಾಡಿಕೊಡೋಣ ಎಂದು ಕೇಳಿದಾಗ ಮುದುಕಿ ಒಂದು ಬಚ್ಚಲುಮನೆ ಕೇಳಿದಳು. ಮೊಮ್ಮಕ್ಕಳು ದೊಡ್ಡವರಾಗುತ್ತಿದ್ದಾರೆ, ಮರದ ಹಿಂದೆ ನಿಂತು ಸ್ನಾನ ಮಾಡುತ್ತಾರೆ, ಮೂರು ಗೋಡೆ ಸಾಕು ಅಂದಳು. ನಾನು ಒಪ್ಪಲಿಲ್ಲ. ಹಿಂದುಗಡೆ ಬಚ್ಚಲು ಕಟ್ಟಿದರೆ ಯಾರ ಕಣ್ಣಿಗೆ ಬೀಳುತ್ತದೆ? ಬಾಗಿಲ ಮುಂದೆ ನೆರಳಿಗೊಂದು ತಾರಸಿ ಇದ್ದರೆ ಮನೆಗೆ ಮುಖ ಬರುತ್ತದೆ ಅಂದೆ. ನಿನ್ನ ಅಪ್ಪ ಮೇಸ್ತ್ರಿಯಾಗಿದ್ದರಲ್ಲ, ಮೇಸ್ತ್ರಿಯ ಹೆಂಡತಿ ಹೇಳುತ್ತಾಳೆ ಎಂದರೆ ಸರಿ ಇರಬೇಕು ಎಂದು ಎಲ್ಲರೂ ತಲೆದೂಗಿದರು. ಮುದುಕಿ ನನ್ನ ಮುಖವನ್ನೇ ನೋಡಿದಳು. ಟೀಚರಮ್ಮ ಅವಳ ಮಾತನ್ನು ಹೇಳಿದಳು. "ಮನೆಗೆ ಮುಖ ತೊಳೆಯೋ ಜಾಗ ಬೇಡವಾ ಅಂತ ಕೇಳ್ತಿದ್ದಾರೆ ಅಮ್ಮ."

ನನಗೆ ಸಿಟ್ಟು ಬಂತು. ಕೊಡುವವರ ಎದುರು ಇಷ್ಟು ಮಾತೇ ಎಂದುಕೊಂಡೆ.

ಆರನೇ ದಿನ ತಾರಸಿಗೆ ಕಾಂಕ್ರೀಟ್ ಹಾಕಿದರು. ಕಾಂಕ್ರೀಟ್ ಹೊತ್ತ ಹಲಗೆಯ ಕೆಳಗೆ ಆರು ಮರದ ಕಂಬಗಳ ಆಸರೆ ಕೊಟ್ಟು, ಪ್ರತಿ ಕಂಬದ ಬುಡಕ್ಕೆ ಬೆಣೆ ಹೊಡೆದು ನಿಲ್ಲಿಸಿದ್ದು ನಿನ್ನ ಗಂಡನೇ. ಕಾಂಕ್ರೀಟ್ ಗಟ್ಟಿಯಾಗುವ ತನಕ, ಹದಿನಾಲ್ಕು ದಿನ, ಯಾರೂ ಮುಟ್ಟಬಾರದು, ನಾವು ಹೋದ ಮೇಲೆ ದಿನ ನೋಡಿ ನೀವೇ ತೆಗೆಸಿ ಎಂದು ಟೀಚರಮ್ಮನಿಗೆ ಬರೆದುಕೊಟ್ಟ. ದಿನಕ್ಕೆ ನಾಲ್ಕು ಸಲ ನೀರು ಹೊಡೆದ. ನಿನ್ನ ಅಪ್ಪನ ಕೈಕೆಳಗೆ ಕಲಿತವನು, ಬೇರೆ ಹೇಗಿರುತ್ತಾನೆ.

ಹನ್ನೊಂದನೇ ದಿನ ಮನೆ ಒಪ್ಪಿಸುವ ಕಾರ್ಯಕ್ರಮ. ಪ್ರಾರ್ಥನೆ, ಕೀಲಿಕೈ ಕೊಡುವುದು, ಬಾಗಿಲ ಮುಂದೆ ಕುಟುಂಬದ ಜೊತೆ ಫೋಟೋ, ಊಟ, ನಂತರ ವಿಮಾನ ನಿಲ್ದಾಣಕ್ಕೆ ಬಸ್ಸು. ಆ ಫೋಟೋ ನಮ್ಮ ಸಭೆಯ ಗೋಡೆಗೆ ಬರಬೇಕಿತ್ತು. ಬೆಳಿಗ್ಗೆ ಕ್ಯಾಮೆರಾ ಹಿಡಿದು ನೋಡಿದರೆ ಬಾಗಿಲಿಗೆ ಅಡ್ಡ ಆರು ಕಂಬಗಳು. ಆ ಐದು ಜನ ಸೆರೆಮನೆಯಲ್ಲಿ ನಿಂತ ಹಾಗೆ ಕಾಣುತ್ತಿದ್ದರು. ನಾನು ನಿನ್ನ ಗಂಡನಿಗೆ ಹೇಳಿದೆ, ಒಂದರ್ಧ ಗಂಟೆ ತೆಗೆದು ಮತ್ತೆ ನಿಲ್ಲಿಸಪ್ಪ ಎಂದು. ಅವನು ಕೈ ಒರೆಸಿಕೊಂಡು, "ಐದೇ ದಿನ ಆಗಿರೋದು ಅತ್ತೆ. ಫೋಟೋನ ಹಿತ್ತಲ ಕಡೆ ತೆಗೀರಿ," ಅಂದ. ಎಲ್ಲರ ಎದುರು ಅಂದ.

ಆ ದಿನ ಕಾಲೇಜಿನ ಹುಡುಗನೊಬ್ಬನಿಗೆ ಜ್ವರ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಜನ ಬೇಕಾದಷ್ಟಿದ್ದರು. ನಾನು ನಿನ್ನ ಗಂಡನನ್ನೇ ಕಳಿಸಿದೆ. ಅವನೇ ಹೋಗಲಿ ಎಂದು ಬೇಕೆಂತಲೇ ಕಳಿಸಿದೆ. ಜೀಪು ತಿರುವು ದಾಟಿದ ಮೇಲೆ ಹುಡುಗರನ್ನು ಕರೆದು ಕಂಬ ತೆಗೆಯಿರಿ ಅಂದೆ. ಮೇಸ್ತ್ರಿ ಅಣ್ಣ ಬೈತಾರೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಸಭೆಯ ಹಿರಿಯರೊಬ್ಬರ ಮಗನೂ ಅವರಲ್ಲಿದ್ದ. ನಾನು ಸುತ್ತಿಗೆ ಕೈಗೆ ತೆಗೆದುಕೊಂಡೆ. ಮೊದಲ ಬೆಣೆಗೆ ಹೊಡೆದವಳು ನಾನು. ಎರಡೇ ಏಟಿಗೆ ಬಿಟ್ಟುಕೊಂಡಿತು. ಆಮೇಲೆ ಉಳಿದ ಐದು ಕಂಬಗಳನ್ನು ಅವರು ತೆಗೆದರು.

ತಾರಸಿ ನಿಂತಿತು. ನೋಡಿದಿರಾ ಎಂದು ಹುಡುಗರನ್ನು ಹಂಗಿಸಿದೆ.

ಮುದುಕಿ ಅದರ ಕೆಳಗೆ ಬರಲೊಲ್ಲೆ ಅಂದಳು. ಯಾವಾಗಲೂ ಕೂರುವ ಮರದ ಕೆಳಗೇ ಕೂತಿದ್ದಳು. ನಾನು ಹೋಗಿ ಕೈ ಹಿಡಿದು ಎಬ್ಬಿಸಿ, ನಾವು ಕೊಟ್ಟ ಹೊಸ ಕುರ್ಚಿಯನ್ನು ಬಾಗಿಲ ಪಕ್ಕ ಹಾಕಿ ಕೂರಿಸಿ, ಟೀಚರಮ್ಮನ ಕೈಲಿ ಹೇಳಿಸಿದೆ. "ಇನ್ಮೇಲೆ ಇದೇ ನಿಮ್ಮ ಜಾಗ. ಮರದ ಕೆಳಗೆ ಕೂತಿದ್ದು ಗೊತ್ತಾದರೆ ಅಲ್ಲಿಂದಲೇ ಬಂದು ಎಬ್ಬಿಸ್ತೀನಿ." ಅವಳು ನಕ್ಕಳು. ಫೋಟೋಗೆ ಕರೆಯುವವರೆಗೂ ನನ್ನ ಕೈ ಬಿಡಲಿಲ್ಲ. ಆ ಹನ್ನೊಂದು ದಿನಗಳಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ. ಫೋಟೋ ತೆಗೆಯುವಾಗ ನನ್ನ ಹೆಗಲ ಮೇಲೆ ಬೂದು ಬಣ್ಣದ ಪುಡಿ ಉದುರಿತು. ಒರೆಸಿಕೊಂಡೆ. ತಲೆ ಎತ್ತಿ ನೋಡಿದೆ. ಗೋಡೆಗೆ ತಾರಸಿ ಕೂಡುವ ಕಡೆ ಕೂದಲೆಳೆಯಂಥ ಒಂದು ಗೆರೆ ಇತ್ತು. ಯಾರಿಗೂ ಹೇಳಲಿಲ್ಲ.

ನಿನ್ನ ಗಂಡ ಡಾಕ್ಟರ ಹತ್ತಿರದಿಂದ ಬಂದಾಗ ಮೂರು ಗಂಟೆ. ನಾವೆಲ್ಲ ಬಸ್ಸು ಹತ್ತಿದ್ದೆವು. ಕಂಬಗಳು ನೆಲದ ಮೇಲೆ ಬಿದ್ದಿದ್ದವು. ಯಾರು ತೆಗೆದದ್ದು ಎಂದು ಕೇಳಿದ. ಹುಡುಗರು ಇನ್ನೊಂದು ಬದಿಯ ಕಿಟಕಿಗೆ ಮುಖ ತಿರುಗಿಸಿದರು. ಅವನು ಓಡಿಹೋಗಿ ಒಬ್ಬನೇ ಎತ್ತಿ ನಿಲ್ಲಿಸತೊಡಗಿದ. ಎರಡು ಕಂಬ ನಿಲ್ಲಿಸುವಷ್ಟರಲ್ಲಿ ಡ್ರೈವರು ಒಂದೇ ಸಮನೆ ಹಾರನ್ ಒತ್ತತೊಡಗಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದವಳು ನಾನೇ.

"ಸಾಕು ಬಾ. ವಿಮಾನ ನಿನ್ನ ಕಂಬಕ್ಕೆ ಕಾಯಲ್ಲ."

ಅವನು ಬಂದ. ದಾರಿಯುದ್ದಕ್ಕೂ ಹಿಂದಿನ ಗಾಜಿನಲ್ಲಿ ನೋಡುತ್ತಿದ್ದ. ಉಳಿದ ನಾಲ್ಕು ಕಂಬಗಳನ್ನು ಇವತ್ತೇ ನಿಲ್ಲಿಸಬೇಕೆಂದು ವಿಮಾನ ನಿಲ್ದಾಣದಲ್ಲಿ ಟೀಚರಮ್ಮನಿಗೆ ಚಿತ್ರ ಬರೆದು ಕೊಟ್ಟ. ಅವಳು ಹೋಗಿ ಹೇಳಿದಳಂತೆ. ಆದರೆ ಬೆಣೆ ಹೊಡೆದು ಬಿಗಿ ಮಾಡುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು ಮುದುಕಿ ಆ ನಾಲ್ಕು ಕಂಬಗಳನ್ನು ಮರದ ಹಿಂದೆ ನೆಡಿಸಿ, ಸುತ್ತ ಗೋಣಿ ಕಟ್ಟಿಸಿ, ಮೊಮ್ಮಕ್ಕಳಿಗೆ ಬಚ್ಚಲು ಮಾಡಿಕೊಟ್ಟಳು.

ನಾವು ಊರಿಗೆ ಬಂದ ಹನ್ನೊಂದನೇ ದಿನ ತಾರಸಿ ಬಿತ್ತು. ಸೊಸೆ ಅದರ ಮೇಲೆ ಕಾಳು ಒಣಗಲು ಹಾಕಿದ್ದಳಂತೆ. ಮುದುಕಿ ಕೆಳಗೆ ಕುರ್ಚಿಯಲ್ಲಿ ಕೂತು ಅದೇ ಕಾಳನ್ನು ಆರಿಸುತ್ತಿದ್ದಳು. ಟೀಚರಮ್ಮ ನನಗೆ ಬರೆದ ಪತ್ರದಲ್ಲಿ ಬೈಗುಳ ಒಂದೂ ಇಲ್ಲ. 'ನೀವು ಹೇಳಿದ ಜಾಗದಲ್ಲೇ ಕೂತಿದ್ದರು ಅಮ್ಮ' ಎಂದಷ್ಟೇ ಇದೆ.

ಈಗ ನಿನಗೆ ಗೊತ್ತಿರುವ ಭಾಗಕ್ಕೆ ಬರುತ್ತೇನೆ. ಹಿರಿಯರು ಮೂವರು ಸಭೆಯ ಹಿಂದಿನ ಕೋಣೆಯಲ್ಲಿ ನನ್ನನ್ನೂ ಅವನನ್ನೂ ಕೂರಿಸಿ ಕೇಳಿದರು. ನೀನು ಹೊರಗೆ ಬೆಂಚಿನ ಮೇಲೆ ಇದ್ದೆ. ಅಮ್ಮ ಅಳಿಯನ ಪರವಾಗಿ ಒಂದು ಮಾತೂ ಆಡಲಿಲ್ಲ ಎಂದು ನಿನ್ನ ಸಿಟ್ಟು. ಪರವಾಗಿ ಆಡದೆ ಇದ್ದದ್ದಷ್ಟೇ ಅಲ್ಲ. ಕಂಬ ಯಾರು ತೆಗೆಸಿದರು ಎಂಬ ಪ್ರಶ್ನೆಗೆ, "ಕಟ್ಟೋ ಕೆಲಸವೆಲ್ಲ ಅಳಿಯ ನೋಡ್ಕೊಳ್ತಿದ್ದ," ಎಂದು ಉತ್ತರ ಕೊಟ್ಟೆ. ಅಕ್ಷರಕ್ಕೆ ಅಕ್ಷರ ನಿಜ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ. ಹೆಂಗಸರಿಗೆ ಕಂಬ, ಕಾಂಕ್ರೀಟಿನ ವಿಷಯ ಹೇಗೆ ಗೊತ್ತಾಗಬೇಕು ಬಿಡಿ ಎಂದು ದೊಡ್ಡ ಹಿರಿಯರು ಅಂದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಅವರನ್ನು ಬಿಡುತ್ತಿರಲಿಲ್ಲ. ಅಂದು ತಲೆ ತಗ್ಗಿಸಿ ಕೂತೆ. ಹುಡುಗರೂ ಆಮೇಲೆ ಎಲ್ಲೂ ಬಾಯಿ ಬಿಡಲಿಲ್ಲ. ಅವರಿಗೆಲ್ಲ ಚಿಕ್ಕಂದಿನಲ್ಲಿ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದವಳು ನಾನು.

ನನಗೆ ಗೊತ್ತಿತ್ತು ಮಗಳೇ. ಗೊತ್ತಿಲ್ಲದೆ ಮಾಡಿದೆ ಎಂದು ನಿನ್ನ ಮನಸ್ಸು ಹೇಳಿದರೆ ಅದನ್ನು ನಂಬಬೇಡ. ನಿನ್ನ ಅಪ್ಪನ ಕಥೆಯೊಂದನ್ನು ನಾನೇ ನಿನಗೆ ನೂರು ಸಲ ಹೇಳಿದ್ದೇನೆ. ಎಂಟನೇ ದಿನಕ್ಕೇ ಕಂಬ ತೆಗೆಯಬೇಕೆಂದು ಹಟ ಹಿಡಿದ ಮನೆಯ ಯಜಮಾನನ ಮುಂದೆ, ಕಂಬಕ್ಕೆ ಬೆನ್ನು ಕೊಟ್ಟು ಕೂತು, "ಮೊದಲು ನನ್ನ ತಲೆಗೆ ಹೊಡೀರಿ, ಆಮೇಲೆ ಬೆಣೆಗೆ ಹೊಡೀರಿ," ಅಂದರಲ್ಲ. ಊಟದ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದೆ ನಾನು. ಮೂವತ್ತೆರಡು ವರ್ಷ ಆ ಮನುಷ್ಯನ ಹೆಂಡತಿಯಾಗಿ ತಲೆ ಎತ್ತಿ ನಡೆದವಳಿಗೆ ಐದು ದಿನ ಎಂದರೆ ಏನೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಳಿಯ ಎಲ್ಲರೆದುರು ಬೇಡ ಅಂದದ್ದು ಅದಕ್ಕಿಂತ ದೊಡ್ಡದಾಗಿ ಕಂಡಿತು.

ಅಂದು ಹಿರಿಯರ ಕೋಣೆಯಿಂದ ಹೊರಗೆ ಬರುವಾಗ ನಿನ್ನ ಗಂಡ ನನ್ನ ಚಪ್ಪಲಿಯನ್ನು ತಿರುಗಿಸಿ ಕಾಲ ಹತ್ತಿರ ಇಟ್ಟ. ಮಂಡಿ ಬಗ್ಗುವುದಿಲ್ಲವೆಂದು ಅವನಿಗೆ ಗೊತ್ತು. ಬೈಯುತ್ತಾನೆಂದು ಕಾದೆ.

"ನಾನು ಬಸ್ಸಿಂದ ಇಳಿದುಬಿಡಬೇಕಿತ್ತು ಅತ್ತೆ," ಅಂದ. ಅಷ್ಟೇ.

ಅವನು ಸಹಿ ಹಾಕಲು ಹೊರಟಿರುವುದು ಆ ಬಸ್ಸಿಗಾಗಿ. ನನ್ನನ್ನು ಉಳಿಸಲು ಎಂದು ನೀನು ತಿಳಿದಿದ್ದರೆ ಅದು ಅರ್ಧ ಮಾತ್ರ. ನಾಲ್ಕು ತಿಂಗಳಿಂದ ಗಾರೆ ಕರಣೆ ಮುಟ್ಟಿಲ್ಲವಂತೆ, ಗೋಡೆ ನೋಡುತ್ತಾ ಕೂರುತ್ತಾನಂತೆ. ಅವನು ಹಾಗೆ ಅಂದುಕೊಂಡಿದ್ದರಿಂದ ನನಗೆ ಅನುಕೂಲವಾಯಿತು. ನಾಲ್ಕು ತಿಂಗಳು ಆ ಅನುಕೂಲದಲ್ಲಿ ಊಟ ಮಾಡಿದೆ, ನಿದ್ದೆ ಮಾಡಿದೆ, ಸಂಘದ ಸಭೆ ನಡೆಸಿದೆ.

ಭಾನುವಾರ ಆರಾಧನೆ ಮುಗಿಯುವ ಮುನ್ನ, ಪ್ರಕಟಣೆಗಳಾದ ಮೇಲೆ, ಎದ್ದು ನಿಂತು ಎಲ್ಲರ ಮುಂದೆ ಹೇಳುತ್ತೇನೆ. ಹಿರಿಯರ ಕೋಣೆಯಲ್ಲಿ ಪಿಸುಗುಟ್ಟಿ ಮುಗಿಸುವ ಮಾತು ಇದಲ್ಲ. ಅಲ್ಲಿಯವರೆಗೆ ಅವನ ಕೈಗೆ ಪೆನ್ನು ಕೊಡಬೇಡ. ನೀನು ಆ ದಿನ ಬರಬೇಕೆಂದು ನಾನು ಕೇಳುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ, ಆ ಮಾತನ್ನು ಮೊದಲು ಕೇಳಿಸಿಕೊಳ್ಳಬೇಕಾದ ಮುದುಕಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅವನಿಗೆ ಬೇಡ ಅಂದರೂ ಬಡಿಸು.

ನಿನ್ನ ಅಮ್ಮ

ತಾ.ಕ. ಇಂದು ಸೋಮವಾರ. ಈ ಪತ್ರವನ್ನು ಶುಕ್ರವಾರ ಅಂಚೆಗೆ ಹಾಕಲಿಲ್ಲ. ಬಾಯಲ್ಲೇ ಹೇಳುವವಳಿಗೆ ಪತ್ರ ಯಾಕೆ ಎಂದುಕೊಂಡೆ. ನಿನ್ನೆ ಪ್ರಕಟಣೆಗಳಾದ ಮೇಲೆ ಎದ್ದು ನಿಂತೆ. ಇಡೀ ಸಭೆ ತಿರುಗಿ ನೋಡಿತು. ಪಾಸ್ಟರು, ಹೇಳಿ ಅಮ್ಮ ಅಂದರು. ನನ್ನ ಮಂಡಿ ನೋವಿಗಾಗಿ ಎಲ್ಲರೂ ಪ್ರಾರ್ಥನೆ ಮಾಡಿ ಎಂದು ಹೇಳಿ ಕೂತೆ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು.

ಆದ್ದರಿಂದ ನನ್ನ ಬಾಯಿಯನ್ನು ನಂಬಬೇಡ. ಪತ್ರವನ್ನು ನಿಮ್ಮ ಬೀದಿಗೆ ಬರುವ ಹಾಲಿನವಳ ಕೈಲಿ ಕಳಿಸುತ್ತಿದ್ದೇನೆ. ಲಕೋಟೆಯಲ್ಲಿ ಫೋಟೋದ ಒಂದು ತುಂಡು ಇದೆ. ಸಭೆಯ ಗೋಡೆಯ ಮೇಲಿನ ಫೋಟೋದಲ್ಲಿ ನನಗೆ ಒಂದೇ ಕೈ, ಕೀಲಿಕೈ ಹಿಡಿದದ್ದು. ನಾಲ್ಕು ತಿಂಗಳಿಂದ ನೋಡುತ್ತಾರೆ, ಇನ್ನೊಂದು ಕೈ ಎಲ್ಲಿ ಎಂದು ಒಬ್ಬರೂ ಕೇಳಿಲ್ಲ. ಆ ಕೈ ಈ ತುಂಡಿನಲ್ಲಿದೆ, ಸುತ್ತಿಗೆ ಹಿಡಿದುಕೊಂಡೇ ಇದೆ, ಪಕ್ಕದಲ್ಲಿ ಕಂಬಗಳು ಬಿದ್ದಿವೆ. ಅದನ್ನು ಕತ್ತರಿಸಿದ್ದು ನಾನು. ನಾವು ಬಂದ ಮೊದಲ ಶನಿವಾರ ಕತ್ತರಿಸಿದೆ, ಭಾನುವಾರ ಗೋಡೆಗೆ ಹಾಕಿಸಿದೆ. ಆಗ ತಾರಸಿ ಇನ್ನೂ ಬಿದ್ದಿರಲಿಲ್ಲ. ಮುದುಕಿ ಇನ್ನೂ ಎಂಟು ದಿನ ಬದುಕಿದ್ದಳು. ಟೀಚರಮ್ಮನಿಗೆ ಒಂದು ತಂತಿ ಕಳಿಸಿದ್ದರೆ ಸಾಕಿತ್ತು.

ಬುಧವಾರ ನಾನೂ ಆ ಕೋಣೆಗೆ ಬರುತ್ತೇನೆ. ಈ ತುಂಡನ್ನು ಹಿರಿಯರ ಮೇಜಿನ ಮೇಲಿಟ್ಟು, ಪತ್ರವನ್ನು ಗಟ್ಟಿಯಾಗಿ ಓದು. ಮಂಡಿಯ ವಿಷಯವನ್ನೂ ಬಿಡಬೇಡ.