ಮತ್ತೆ ಬರಬಹುದು

ಮಾರ್ಚ್ ೧೮, ಮಂಗಳವಾರ. ಮಗರಪಟ್ಟಾ

ಥೂ, ಎಂಥ ಹೇಡಿ ನಾನು.

ಲಿವರ್ ಗಡ್ಡೆ ತೆಗೆದ ಮೇಲೆ ಕ್ಯಾನ್ಸರ್ ಮರುಕಳಿಸುತ್ತಾ ಅಂತ ಮೊದಲೇ ಅಂದಾಜು ಹೇಳೋ ಸಾಫ್ಟ್‌ವೇರ್ ನಮ್ಮ ಕಂಪನಿದು. ಅದು ಹೇಗೆ ನಡೀತಿದೆ ನೋಡೋಣ ಅಂತ ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರಿಗೆ ಕನ್ನಡ ಬರಲ್ಲ. ಎದುರಿಗೆ ಯಾದಗಿರಿ ಕಡೆಯ ತಾಯಪ್ಪ, ಇಲ್ಲೇ ವಾಕಡದಲ್ಲಿ ಗಾರೆ ಕೆಲಸ ಮಾಡೋರು, ಗಡ್ಡೆ ತೆಗೆಸ್ಕೊಂಡವರು, ಮರಾಠಿ ಬರಲ್ಲ. ಪಕ್ಕದಲ್ಲಿ ಹೆಂಡತಿ ಯಂಕವ್ವ. ಸ್ಕ್ರೀನ್ ಮೇಲೆ ಕೆಂಪು ಗೆರೆ, ಅಂದ್ರೆ ಮರುಕಳಿಸೋ ಸಾಧ್ಯತೆ ಜಾಸ್ತಿ.

"ರಂಜಿನಿ, ತೂಚ್ ಸಾಂಗ್ ತ್ಯಾಂನಾ, ಕ್ಯಾನ್ಸರ್ ಪರತ್ ಯೇಊ ಶಕತೋ" ಅಂದರು ಡಾಕ್ಟರ್. ಕ್ಯಾನ್ಸರ್ ಮತ್ತೆ ಬರಬಹುದು ಅಂತ ಅವರಿಗೆ ನಾನೇ ಹೇಳಬೇಕಂತೆ.

ಆ ಕಾಯಿಲೆ ಹೆಸರು ನನ್ನ ಬಾಯಿಂದ ಹೊರಡಲಿಲ್ಲ. ಅದನ್ನ ನುಂಗಿ ಬರೀ "ಮತ್ತೆ ಬರಬಹುದು" ಅಂದೆ.

ತಾಯಪ್ಪನ ಮುಖ ಅರಳಿತು. "ಆತ್ರಿ ಅಕ್ಕಾರ. ತ್ರಾಸ ಆದ್ರ ಬರ್ತೀವಿ. ಇಲ್ಲಾಂದ್ರ ಕೆಲಸ ಬಿಟ್ಟು ಯಾಕ ಸುಮ್ನ ಬರೋದು?"

ಬರೋದು ಅವರಲ್ಲ, ಗಡ್ಡೆ. ಅಲ್ಲೇ ತಿದ್ದಬೇಕಿತ್ತು. ಅವರಿಗೆ ಅರ್ಥ ಆಯ್ತಾ ಅಂತ ಡಾಕ್ಟರ್ ನನ್ನನ್ನೇ ಕೇಳಿದರು, "ಸಮಜಲಂ ಕಾ ತ್ಯಾಂನಾ?" "ಹೋ, ಸಮಜಲಂ" ಅಂದುಬಿಟ್ಟೆ. ತಾಯಪ್ಪನ ನಗು ಕೆಡಿಸೋಕೆ ಮನಸ್ಸಾಗಲಿಲ್ಲ ಅಂತ ಸಂಜೆಯಿಂದ ನನಗೆ ನಾನೇ ಹೇಳ್ಕೋತಿದ್ದೀನಿ. ಸುಳ್ಳು. ಅವರು ಅಳೋದನ್ನ ನೋಡೋ ಧೈರ್ಯ ಇರಲಿಲ್ಲ, ಅಷ್ಟೇ.

ಬಾಗಿಲಲ್ಲಿ ಯಂಕವ್ವ ನನ್ನ ಕೈ ಹಿಡ್ಕೊಂಡರು. "ನಮ್ಮ ಮಾತಿನ್ಯಾಗ ಹೇಳಿದ್ರಿ ನೋಡ್ರಿ, ಭಾಳ ಸಮಾಧಾನ ಆತು. ಬರ್ತೀವ್ರಿ."

"ಹೋಗ್ಬನ್ನಿ" ಅಂದೆ. ನೆಂಟರಿಗೆ ಹೇಳೋ ಹಾಗೆ!

ನಾಳೆ ಬೆಳಿಗ್ಗೆ ಆಸ್ಪತ್ರೆಯಿಂದ ಅವರ ನಂಬರ್ ಇಸ್ಕೊಂಡು ಫೋನ್ ಮಾಡಲೇಬೇಕು. ಏನು ಹೇಳಬೇಕು ಅಂತ ಒಬ್ಬಳೇ ಕೂತು ಬಾಯಿಬಿಟ್ಟು ಹೇಳಿ ನೋಡ್ತಿದ್ದೀನಿ. ತಾಯಪ್ಪನೋರೇ, ಮತ್ತೆ ಬರಬಹುದು ಅಂದೆನಲ್ಲ, ಅದು ನೀವಲ್ಲ, ಅದು…