ಕುಡಿಯದವನ ಆಣೆ

ತಾಳವಾಡಿ
೯ ಮಾರ್ಚ್ ೨೦೨೫

ಶಾಂಭವಿ,

ಕ್ಷೇಮವೆಂದು ಬರೆಯುವ ವಾಡಿಕೆಯನ್ನು ಈ ಸಲ ಬಿಟ್ಟಿದ್ದೇನೆ. ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ನನ್ನ ನಾಲಿಗೆ ಸೋಲುತ್ತದೆ. ನೀನೀಗ ಇರುವ ನಿನ್ನ ತಮ್ಮ ದಯಾನಂದನ ಮನೆಯಲ್ಲಿ ಅದನ್ನು ಕೇಳಿದವರು ಏನೆಂದುಕೊಳ್ಳುತ್ತಾರೆಂದು ನಿನಗೂ ಗೊತ್ತು. ಆದ್ದರಿಂದ ಪತ್ರ.

ಮಗಳು ರೇವತಿಯ ಮದುವೆ ಗೊತ್ತಾದ ಒಪ್ಪುವೀಳ್ಯದ ದಿನ ಊಟ ತಡವಾಯಿತು. ಮಾತ್ರೆಯ ಬಲ ಇಳಿದಿತ್ತು. ರೆಪ್ಪೆ ಜೋತುಬಿತ್ತು, ಹೋಳಿಗೆ ಅಗಿಯಲಾಗಲಿಲ್ಲ, ಕುಡಿದ ನೀರು ಮೂಗಿನಿಂದ ಬಂತು. ಬೀಗರಾದ ಜಡೇಸ್ವಾಮಿಯವರು ನಕ್ಕು, "ಏನ್ ಬೀಗ್ರೆ, ಮದ್ಯಾನಕ್ಕೇ ಸುರು ಅಚ್ಕಬುಟ್ರಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ದಯಾನಂದ, "ಅದೊಂದ್ ಅಬ್ಯಾಸ ಬುಡಿ, ಮನ್ಸ ಚಿನ್ನ" ಎಂದ. ನೀನು ಪಕ್ಕದಲ್ಲೇ ಇದ್ದೆ. ನನ್ನ ಎಲೆಗೆ ತುಪ್ಪ ಬಡಿಸಿ ಮುಂದೆ ಹೋದೆ.

ಆಮೇಲೆ ಹಿತ್ತಲಿನಲ್ಲಿ ಅವನು ನನಗೆ ಬುದ್ಧಿ ಹೇಳಿದ: "ಕುಡುಕನ್ ಮಗ್ಳ ಯಾರಾದ್ರೂ ತಕತಾರೆ ಬಾವ. ಕಾಯ್ಲದೋನ್ ಮಗ್ಳ ಯಾರ್ ತಕತಾರೆ? ನಾಳ ಮಕ್ಳಿಗೂ ಬತ್ತದ ಅಂತಾರೆ." ಈ ಕಾಯಿಲೆ ಹಾಗೆ ಬರುವುದಿಲ್ಲವೆಂದು ಕೊಯಮತ್ತೂರಿನ ವೈದ್ಯರು ನಿನ್ನ ಎದುರೇ ಹೇಳಿದ್ದರು.

ಸ್ನಾಯುಗಳನ್ನು ಸೋಲಿಸುವ ಈ ಮಯಸ್ಥೇನಿಯಾ ಎಂದರೇನೆಂದು ನಿನಗೆ ನಾನು ಕಟ್ಟುವ ಆನೆಬೇಲಿಯ ಭಾಷೆಯಲ್ಲೇ ವಿವರಿಸಿದ್ದೆ: ಬ್ಯಾಟರಿ ಸರಿಯಿದೆ, ತಂತಿ ಸರಿಯಿದೆ, ಎರಡೂ ಕೂಡುವಲ್ಲಿ ನನ್ನದೇ ರಕ್ತ ಅಡ್ಡ ನಿಂತಿದೆ. ಮಾತ್ರೆ ನುಂಗಿದರೆ ಹೊಟ್ಟೆ ನುಲಿಯುತ್ತದೆ, ನುಂಗದಿದ್ದರೆ ಕತ್ತು ನಿಲ್ಲದು. ಸ್ಟೆರಾಯ್ಡಿನಿಂದ ಮುಖ ಊದಿದೆ. ದಯಾನಂದನ ಮಾತಿಗೆ ಅದೂ ಸಾಕ್ಷಿಯಾಯಿತು. ಆಸ್ಪತ್ರೆಯಲ್ಲಿ ದಿನಗಟ್ಟಲೆ ಡ್ರಿಪ್ ಹಾಕಿಸಿಕೊಂಡು ಘಾಟಿ ಹತ್ತಿ ಬಂದರೆ, "ಎಲ್ ಬಿದ್ದಿದ್ರಿ ಇಷ್ಟ್ ದಿನ?" ಎಂದು ಅಂಗಡಿಯವರು ನಗುತ್ತಾರೆ. ಜೀರಹಳ್ಳಿಯ ರೈತರು ಸೋಲಾರ್ ಬೇಲಿಯ ಕೆಲಸದಿಂದ ನನ್ನನ್ನು ತೆಗೆದರು. "ಕುಡ್ದ್ ಕೈಗ ಕರೆಂಟ್ ಕೊಡಾಕಾದ್ದಾ?" ಎಂದರಂತೆ.

ಕಳೆದ ಸೋಮವಾರ ಜಡೇಸ್ವಾಮಿಯವರು ತಾವೇ ಬಂದು ನನ್ನನ್ನು ಮಾದಪ್ಪನ ಗುಡಿಗೆ ಕರೆದೊಯ್ದರು. "ನಮ್ ತಮ್ಮನೂ ಇಂಗೇ ಇದ್ದ ಕಣ್ ಬೀಗ್ರೆ. ಆಣೆ ಮಾಡ್ದ, ಆಮೇಲ ಮೂಸ್ ಕೂಡ ನೋಡ್ನಿಲ್ಲ." ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಒಳ್ಳೆಯ ಮನುಷ್ಯ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿದೆ. ಆಣೆಯಲ್ಲಿ ಸುಳ್ಳೇನೂ ಇಲ್ಲ.

ಇನ್ನು ಧಾರೆಯ ದಿನ. ನಿದ್ದೆಗೇಡು, ಹೊಗೆ, ತಡವಾಗುವ ಊಟ: ರೆಪ್ಪೆ ಬೀಳುವುದು ಖಚಿತ. ಅಂದು ಬಿದ್ದರೆ ನಾನು ಬರೀ ಕುಡುಕನಲ್ಲ, ಮಾದಪ್ಪನ ಆಣೆ ಮುರಿದವನು. ರೇವತಿ ಅಂಥವನ ಮಗಳಾಗಿ ಆ ಮನೆಯಲ್ಲಿ ಬಾಳಬೇಕು. ಆದ್ದರಿಂದ ಮದುವೆಗೆ ಮುಂಚೆ ನೀನೇ ಜಡೇಸ್ವಾಮಿಯವರಿಗೆ ನಿಜ ಹೇಳು. ನಾನು ಹೇಳಿದರೆ ಕುಡುಕನ ನೆಪವೆನ್ನಿಸುತ್ತದೆ. ನಿನ್ನಿಂದಾಗದಿದ್ದರೆ ತಿಳಿಸು, ನಾನು ಬರುವುದಿಲ್ಲ.

ಇಷ್ಟು ಬರೆಯಲು ಕೈಗೆ ಎರಡು ದಿನ ಬೇಕಾಯಿತು.

ಶಿವಶಂಕರ

ತಾ.ಕ.: ಪತ್ರ ಮಡಿಸುವಾಗ ಹಾಸ್ಟೆಲಿನಿಂದ ರೇವತಿ ಫೋನ್ ಮಾಡಿದಳು. ಪರೀಕ್ಷೆ ಮುಗಿಯಲೆಂದು ನಾವಿಬ್ಬರೂ ಕಾಯಿಲೆಯನ್ನು ಅವಳಿಂದ ಮುಚ್ಚಿಟ್ಟಿದ್ದೆವಲ್ಲ. "ಅಪ್ಪಾ, ಕುಡಿಯಾದ ಬುಟ್ಬುಟ್ಯಂತಲ್ಲ, ನಂಗ ಎಷ್ಟ್ ಸಂತೋಸ ಗೊತ್ತಾ? ನೀ ಕುಡಿತೀಯ ಅಂತ ದಯಾನಂದ ಮಾವ ಯೋಳ್ದಾಗ ನಾ ನಂಬ್ನಿಲ್ಲ ಕಣಪ್ಪ. ಅವ್ವುನ್ ಕೇಳ್ದೆ, ಊಂ ಅಂದ್ಳು" ಎಂದಳು. ನಾನು ಕುಡಿದೇ ಇಲ್ಲವೆಂದಿದ್ದರೆ ಅವಳ ಪಾಲಿಗೆ ಸುಳ್ಳುಗಾತಿ ನೀನಾಗುತ್ತಿದ್ದೆ. ಹೌದು ಮಗಳೇ, ಬಿಟ್ಟೆ ಎಂದೆ. ಜಡೇಸ್ವಾಮಿಯವರಿಗೆ ಇನ್ನು ನೀನು ಏನೂ ಹೇಳಬೇಕಾಗಿಲ್ಲ. ಧಾರೆಗೆ ನನ್ನ ಜಾಗದಲ್ಲಿ ದಯಾನಂದ ಕೂರಲಿ.